ಗೋಡೆಯೊಳಗಿನ ಗೆದ್ದಲು



ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ದುಡಿದವರು ಒಬ್ಬರು, ಅನುಭವಿಸುವವರು ಮತ್ತೊಬ್ಬರು ಎಂದು ಅದರ ಅರ್ಥ. ಈ ಹೊತ್ತು ನಾವು ನೋಡಲಿರುವುದು ಅದರ ತಿರುವುಮುರುವಾದ ಕಥೆ. ಮನುಷ್ಯ ಸಾಲ ಮಾಡಿ ಮನೆ ಕಟ್ಟುತ್ತಾನೆ. ಗೆದ್ದಲು ಬಾಡಿಗೆಯಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ. ಅದೂ ಮರವೇ ಇಲ್ಲದ ಗೋಡೆಯೊಳಗೆ!

ಹುಬ್ಬಳ್ಳಿ–ಧಾರವಾಡದ ಕೈಗಾರಿಕಾ ಪ್ರದೇಶಗಳಲ್ಲಿ ಓಡಾಡುವಾಗ ಕಾವಲುಗಾರರ ಕೊಠಡಿ, ಕೆಲಸದ ಜಾಗದ ತಾತ್ಕಾಲಿಕ ಕಚೇರಿ, ಇವುಗಳನ್ನು ಗಮನಿಸಿ. ಇಟ್ಟಿಗೆಯಿಲ್ಲ, ಗಿಲಾಯಿಲ್ಲ. ಎರಡು ತೆಳು ತಗಡುಗಳ ನಡುವೆ ಬಿಳಿಯ ಅಥವಾ ಹಳದಿ ಬಣ್ಣದ ಫೋಮು ತುಂಬಿದ ಫಲಕಗಳನ್ನು ಒಂದಕ್ಕೊಂದು ಸಿಕ್ಕಿಸಿ ನಿಲ್ಲಿಸಿರುತ್ತಾರೆ. ಬಿಳಿಯದು ನಮಗೆಲ್ಲ ಗೊತ್ತಿರುವ ಥರ್ಮೋಕೋಲ್, ಹಳದಿಯದು ಪಾಲಿಯುರೆಥೇನ್. ಈ ಎರಡನೆಯ ಬಗೆಯನ್ನು ಪೇಟೆಯಲ್ಲಿ ‘ಪಫ್ ಪ್ಯಾನೆಲ್’ ಎಂದು ಕರೆಯುತ್ತಾರೆ. ನೆರೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಕೆಡದಂತೆ ಕಾಯುವ ಶೀತಲಗೃಹಗಳಿವೆ. ತಂಪನ್ನು ಹಿಡಿದಿಡಲು ಶೀತಲಗೃಹಗಳಲ್ಲಿ ಬಳಸುವುದು ಇಂಥ ಉಷ್ಣನಿರೋಧಕ ಫಲಕಗಳನ್ನೇ. ಈಗ ಅವು ವಾಸದ ಮನೆಗೂ ಬರುತ್ತಿವೆ. ಕೇಂದ್ರ ಸರಕಾರದ ‘ಲೈಟ್ ಹೌಸ್’ ಯೋಜನೆಯಲ್ಲಿ 2021ರ ಜನವರಿ 1ರಂದು ಶಂಕುಸ್ಥಾಪನೆಯಾದ ಇಂದೋರಿನ 1,024 ಮನೆಗಳಿಗೆ ಆರಿಸಿಕೊಂಡದ್ದು ಇದೇ ಜಾತಿಯ ಪದರಫಲಕದ ತಂತ್ರವನ್ನು.

ಇದರ ಆಕರ್ಷಣೆ ಏನು? ಒಂದು ಸಣ್ಣ ಲೆಕ್ಕ ಮಾಡೋಣ. ಥರ್ಮೋಕೋಲಿನ ಗಾತ್ರದಲ್ಲಿ ಸುಮಾರು ನೂರಕ್ಕೆ 98 ಭಾಗ ಗಾಳಿ. ಪುಟ್ಟ ಪುಟ್ಟ ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿ ಅಲುಗಾಡದು. ಆದ್ದರಿಂದ ಶಾಖವನ್ನು ಸುಲಭವಾಗಿ ದಾಟಿಸದು. ಅದರ ಉಷ್ಣವಾಹಕತೆ ಸುಮಾರು 0.035, ಇಟ್ಟಿಗೆಯದು ಸುಮಾರು 0.8. ಎಂದರೆ 5 ಸೆಂಟಿಮೀಟರ್ ದಪ್ಪದ ಥರ್ಮೋಕೋಲು ಒಂದು ಮೀಟರಿಗೂ ಹೆಚ್ಚು ದಪ್ಪದ ಇಟ್ಟಿಗೆ ಗೋಡೆಯಷ್ಟೇ ಶಾಖವನ್ನು ತಡೆಯುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯ ಬಿಸಿಲಿನಲ್ಲಿ ಇದು ಸಣ್ಣ ಲಾಭವಲ್ಲ.

ಈ ಫಲಕಗಳನ್ನು ಮಾರುವವರು ಇನ್ನೊಂದು ಮಾತನ್ನೂ ಹೇಳುತ್ತಾರೆ: “ಇದರಲ್ಲಿ ಮರವಿಲ್ಲ, ಆದ್ದರಿಂದ ಗೆದ್ದಲಿನ ಭಯವಿಲ್ಲ.” ಈ ಮಾತಿನ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ನಾವು ಪರೀಕ್ಷಿಸಿ ನೋಡಬೇಕು.

ಗೆದ್ದಲಿಗೆ ಬೇಕಾದ ಆಹಾರ ಸೆಲ್ಯುಲೋಸ್. ಅದು ಮರದಲ್ಲಿದೆ, ಒಣಹುಲ್ಲಿನಲ್ಲಿದೆ, ಕಾಗದದಲ್ಲಿದೆ, ಹತ್ತಿಬಟ್ಟೆಯಲ್ಲಿದೆ. ಫೋಮಿನಲ್ಲಿ ಇಲ್ಲ. ಗೆದ್ದಲು ಫೋಮನ್ನು ತಿಂದು ಬದುಕಲಾರದು. ಆದರೆ ಅದರ ದವಡೆಗೆ ಫೋಮು ಬೆಣ್ಣೆಯಷ್ಟು ಮೆತ್ತಗೆ. ತಿನ್ನದಿದ್ದರೂ ಕೊರೆಯುತ್ತದೆ, ಸುರಂಗ ಮಾಡುತ್ತದೆ. ಆಚೆ ಬದಿಯ ಬಾಗಿಲಿನ ಚೌಕಟ್ಟು, ಪ್ಲೈವುಡ್ಡಿನ ಕಪಾಟು, ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟ ನಿಮ್ಮ ಹಳೆಯ ಪಠ್ಯಪುಸ್ತಕ, ಇವು ಅದರ ಗುರಿ. ಫೋಮು ಅಲ್ಲಿಗೆ ಹೋಗುವ ದಾರಿ. ಆಹಾರವಲ್ಲ ಎಂದಮಾತ್ರಕ್ಕೆ ಅಭೇದ್ಯ ಎಂದಾಗುವುದಿಲ್ಲ.

ಇಲ್ಲಿ ಗೆದ್ದಲಿನ ದೇಹರಚನೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ಭಾಗದ ಹಳ್ಳಿಗಳಲ್ಲಿ ಇದನ್ನು ಒರಲಿ ಎನ್ನುತ್ತಾರೆ. ಬಿಳಿ ಇರುವೆ ಎಂಬ ಹೆಸರೂ ಉಂಟು. ಆದರೆ ಇದು ಇರುವೆಯ ಬಂಧುವಲ್ಲ, ಜಿರಲೆಯ ಬಂಧು. 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಬಳಿಕ ವಿಜ್ಞಾನಿಗಳು ಗೆದ್ದಲುಗಳನ್ನು ಜಿರಲೆಗಳ ಗಣದೊಳಕ್ಕೇ ಸೇರಿಸಿದ್ದಾರೆ. ದುಡಿಯುವ ಗೆದ್ದಲಿನ ಚರ್ಮ ತೀರ ತೆಳು. ಬಿಸಿಲು, ಒಣಗಾಳಿ ತಗುಲಿದರೆ ಮೈಯ ನೀರೆಲ್ಲ ಆರಿ ಸಾಯುತ್ತದೆ. ಅದಕ್ಕಾಗಿಯೇ ಅದು ಬಯಲಿನಲ್ಲಿ ನಡೆಯುವುದಿಲ್ಲ. ಮಣ್ಣಿಗೆ ಜೊಲ್ಲು ಬೆರೆಸಿ ಕೊಳವೆ ಕಟ್ಟಿಕೊಂಡು ಅದರೊಳಗೆ ಸಾಗುತ್ತದೆ. ಗೋಡೆಯ ಮೇಲೆ ಮಣ್ಣಿನ ಗೆರೆ ಎಳೆದಂತೆ ಕಾಣುವುದು ಇದೇ.

ಈ ಕೊಳವೆಯೇ ನಮಗೆ ಸಿಗುವ ಸುಳಿವು. ಇಟ್ಟಿಗೆ ಗೋಡೆಯ ಮೇಲೆ ಅದು ಕಾಣುತ್ತದೆ, ನಾವು ಎಚ್ಚರಗೊಳ್ಳುತ್ತೇವೆ. ಫಲಕದ ಗೋಡೆಯಲ್ಲಿ ಗೆದ್ದಲಿಗೆ ಕೊಳವೆ ಕಟ್ಟುವ ಅಗತ್ಯವೇ ಇಲ್ಲ. ಫೋಮೇ ಅದಕ್ಕೆ ಮರೆ. ತಗಡೇ ಅದಕ್ಕೆ ಚಾವಣಿ. ಒಳಗೆ ಕತ್ತಲು, ಗಾಳಿಯ ಓಡಾಟವಿಲ್ಲ, ಬಿಸಿ–ತಂಪುಗಳ ಏರಿಳಿತ ಕಡಿಮೆ. ಮನುಷ್ಯನಿಗೆ ಹಿತವಾಗಲೆಂದು ಮಾಡಿದ್ದು ಗೆದ್ದಲಿಗೂ ಹಿತವಾಯಿತು. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಹುತ್ತವನ್ನು ಚಿತ್ರೀಕರಿಸುವುದು ಸುಲಭ. ಫಲಕದೊಳಗಿನ ಗೆದ್ದಲನ್ನು ತೋರಿಸುವುದು ಕಷ್ಟ. ಕ್ಯಾಮೆರಾ ಮುಂದೆ ಇರುವುದು ಹೊಳೆಯುವ, ಹೊಸದರಂತಿರುವ ಗೋಡೆ ಮಾತ್ರ. ಮನೆಯವರ ಕಷ್ಟವೂ ಇದೇ. ಬಾಗಿಲ ಚೌಕಟ್ಟು ಒತ್ತಿದಲ್ಲಿ ಕುಸಿಯುವವರೆಗೆ ಏನೂ ಗೊತ್ತಾಗುವುದಿಲ್ಲ.

ಈ ಅನುಭವ ಬೇರೆ ದೇಶದವರಿಗೆ ಈಗಾಗಲೇ ಆಗಿದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮನೆಯ ತಳಪಾಯಕ್ಕೆ ಫೋಮು ಹೊದಿಸಿ ಮಣ್ಣಿನಲ್ಲಿ ಹೂಳುವ ರೂಢಿಯಿತ್ತು. ಗೆದ್ದಲುಗಳು ಅದರೊಳಗಿಂದ ಕಾಣದಂತೆ ಮೇಲೇರಿ ಮರದ ಭಾಗಗಳನ್ನು ಮುಟ್ಟಿದವು. ಅಲ್ಲಿನ ವಸತಿ ಕಟ್ಟಡಗಳ ನಿಯಮಾವಳಿ, ಗೆದ್ದಲಿನ ಕಾಟ ಅತಿಯಾಗಿರುವ ಪ್ರದೇಶಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ಫೋಮನ್ನು ನೆಲದೊಳಗೆ ಹೂಳಲು ಒಪ್ಪುವುದಿಲ್ಲ. ನೆಲದ ಮೇಲಿನ ಫೋಮಿಗೂ ತೆರೆದ ಮಣ್ಣಿಗೂ ನಡುವೆ ಕನಿಷ್ಠ 6 ಇಂಚು, ಅಂದರೆ ಸುಮಾರು 15 ಸೆಂಟಿಮೀಟರ್ ಅಂತರವಿರಬೇಕು ಎನ್ನುತ್ತದೆ. ಈ ಅಂತರ ಏಕೆ ಎಂದು ಯೋಚಿಸಿ. ಅದು ಗೆದ್ದಲನ್ನು ಕೊಲ್ಲುವುದಿಲ್ಲ, ತಡೆಯುವುದೂ ಇಲ್ಲ. ಆ ಪಟ್ಟಿಯನ್ನು ದಾಟಬೇಕಾದರೆ ಗೆದ್ದಲು ಬಯಲಿನಲ್ಲಿ ಕೊಳವೆ ಕಟ್ಟಲೇಬೇಕು. ಆಗ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಫಲಕದ ಮನೆಯ ರಕ್ಷಣೆಯ ಮೂಲತತ್ತ್ವ ಇಷ್ಟೇ: ಗೆದ್ದಲು ಎಲ್ಲಿಂದ ಬಂದರೂ ನಮಗೆ ಕಾಣುವ ಜಾಗದಲ್ಲೇ ಹಾದುಹೋಗುವಂತೆ ಕಟ್ಟಬೇಕು.

ಇನ್ನು ನಮ್ಮ ಅವಳಿ ನಗರದ ನೆಲಕ್ಕೆ ಬರೋಣ. ಧಾರವಾಡ ಮಲೆನಾಡಿನ ಅಂಚು. ಪಡುವಣಕ್ಕೆ, ಕಲಘಟಗಿಯ ಕಡೆಗೆ ಕೆಂಪು ಮಣ್ಣು. ಹುಬ್ಬಳ್ಳಿಯಿಂದ ಮೂಡಣಕ್ಕೆ, ನವಲಗುಂದದ ಕಡೆಗೆ ಹೊರಟರೆ ಕಪ್ಪು ಎರೆಭೂಮಿ. ಎರೆಮಣ್ಣಿನ ಸ್ವಭಾವ ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಗಳ ನಡುವೆ ನೀರು ನುಗ್ಗುವುದೂ ಹೊರಬರುವುದೂ ಇದಕ್ಕೆ ಕಾರಣ.

ಇದಕ್ಕೂ ಗೆದ್ದಲಿಗೂ ಏನು ಸಂಬಂಧ? ಸಂಬಂಧವಿದೆ. ಮನೆಯ ಸುತ್ತ ಮಣ್ಣಿಗೆ ಔಷಧಿ ಹಾಕಿ ಒಂದು ಅಖಂಡ ಬೇಲಿ ನಿರ್ಮಿಸಿದ್ದೇವೆ ಎಂದುಕೊಳ್ಳಿ. ಎರೆಮಣ್ಣು ಬಿರಿದಾಗ ಆ ಬೇಲಿಯೂ ಬಿರಿಯುತ್ತದೆ. ಮನೆಯ ಸುತ್ತಲಿನ ಸಿಮೆಂಟಿನ ಪಟ್ಟಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಗೆದ್ದಲಿಗೆ ಒಂದೆರಡು ಮಿಲಿಮೀಟರಿನ ಸೀಳು ಸಾಕು. ಫಲಕದ ಮನೆಗಳು ಹಗುರವಾದ್ದರಿಂದ ಅವುಗಳಿಗೆ ತೆಳುವಾದ ಕಾಂಕ್ರೀಟಿನ ಹಾಸನ್ನಷ್ಟೇ ಹಾಕಿ ಮುಗಿಸುವ ಆಸೆ ಹುಟ್ಟುತ್ತದೆ. ಎರೆಭೂಮಿಯಲ್ಲಿ ಅಂಥ ಹಾಸು ಬಿರುಕು ಬಿಡುವ ಸಂಭವ ಹೆಚ್ಚು. ಆದ್ದರಿಂದ ಕಪ್ಪುಮಣ್ಣನ್ನು ಸಾಕಷ್ಟು ಆಳಕ್ಕೆ ತೆಗೆದು, ಗರಸು ತುಂಬಿ, ನೀರು ಹಾಕಿ ದಮ್ಮಸು ಮಾಡಿ, ಅದರ ಮೇಲೆ ಕಬ್ಬಿಣದ ಜಾಲವಿರುವ ಕಾಂಕ್ರೀಟು ಹಾಕುವುದು ಗೆದ್ದಲಿನ ದೃಷ್ಟಿಯಿಂದಲೂ ಮೊದಲ ಕೆಲಸ.

ತುಂಬುವ ಗರಸಿನಲ್ಲಿ ಬೇರು, ಸೆಂಟ್ರಿಂಗ್ ಹಲಗೆಯ ಚೂರು, ಸಿಮೆಂಟಿನ ಕಾಗದದ ಚೀಲ ಉಳಿಯಬಾರದು. ಇವನ್ನು ನೆಲದಡಿ ಹೂಳುವುದೆಂದರೆ ಗೆದ್ದಲನ್ನು ಊಟಕ್ಕೆ ಕರೆದಂತೆ. ನೆಲಗಟ್ಟು ಸುತ್ತಲಿನ ಮಣ್ಣಿಗಿಂತ ಒಂದೂವರೆ ಅಡಿಯಾದರೂ ಎತ್ತರವಿದ್ದರೆ ಕೊಳವೆ ಕಟ್ಟುವ ಗೆದ್ದಲು ಅಷ್ಟು ದೂರ ಬಯಲಿನಲ್ಲಿ ಬರಬೇಕಾಗುತ್ತದೆ. ಧಾರವಾಡದ ಹಳೆಯ ಮನೆಗಳ ಎತ್ತರದ ಕಲ್ಲಿನ ಕಟ್ಟೆಯನ್ನೂ ಮರದ ಕಂಬಗಳ ಕೆಳಗಿನ ಕಲ್ಲಿನ ಪೀಠವನ್ನೂ ಒಮ್ಮೆ ನೋಡಿ ಬನ್ನಿ. ಮರ ಮಣ್ಣನ್ನು ಮುಟ್ಟಬಾರದು ಎಂಬ ವಿವೇಕ ಅದರಲ್ಲಿದೆ. ಫೋಮು ಮಣ್ಣನ್ನು ಮುಟ್ಟಬಾರದು ಎಂದು ಅದಕ್ಕೆ ನಾವು ಒಂದು ಸಾಲು ಸೇರಿಸಿದರೆ ಸಾಕು.

ನೆಲಗಟ್ಟಿನ ಮೇಲೆ, ಫಲಕದ ಕೆಳಗೆ, ತುಕ್ಕು ಹಿಡಿಯದ ತಗಡಿನ ಪಟ್ಟಿಯೊಂದನ್ನು ಕೂರಿಸುತ್ತಾರೆ. ಅದು ಗೋಡೆಯಿಂದ ಸುಮಾರು 5 ಸೆಂಟಿಮೀಟರ್ ಹೊರಚಾಚಿ ಕೆಳಮುಖವಾಗಿ ಬಾಗಿರುತ್ತದೆ. ಗೆದ್ದಲು ತಗಡನ್ನು ಕೊರೆಯಲಾರದು, ಸುತ್ತಿ ಬರಬೇಕು, ಸುತ್ತಿ ಬಂದರೆ ಕಾಣುತ್ತದೆ. ಕಾರ್ಖಾನೆಯಲ್ಲೇ ಬೋರಾನಿನ ಲವಣ ಬೆರೆಸಿ ತಯಾರಿಸಿದ ಫೋಮು ವಿದೇಶಗಳಲ್ಲಿ ದೊರೆಯುತ್ತದೆ. ಬೋರೇಟು ಗೆದ್ದಲಿಗೆ ವಿಷ. ಫಲಕ ಕೊಳ್ಳುವಾಗ ಇದನ್ನು ವಿಚಾರಿಸಬಹುದು. ಆದರೆ ಅದು ಇದ್ದರೂ ಕೆಳಗಿನ ಅಂತರವನ್ನು ಬಿಡುವಂತಿಲ್ಲ.

ವಿಷವಿಲ್ಲದೆ ತಡೆಯುವ ಇನ್ನೊಂದು ಸ್ವಾರಸ್ಯದ ಉಪಾಯವಿದೆ. ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿ ವಾಲ್ಟರ್ ಎಬೆಲಿಂಗ್ ಮತ್ತು ಅವರ ಸಹೋದ್ಯೋಗಿ 1957ರಲ್ಲಿ ಮರಳಿನ ಕಣಗಳ ಗಾತ್ರದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಗೆದ್ದಲಿನ ದವಡೆಗೆ ಎತ್ತಲಾಗದಷ್ಟು ದೊಡ್ಡ, ನಡುವಿನ ಸಂದಿಯಲ್ಲಿ ಅದರ ತಲೆ ತೂರದಷ್ಟು ಚಿಕ್ಕ ಕಣಗಳನ್ನು ಆರಿಸಿ ಹಾಸಿದರೆ ಗೆದ್ದಲು ಅದನ್ನು ದಾಟಲಾರದು. ಹವಾಯಿ ದ್ವೀಪದಲ್ಲಿ ಇದೇ ತತ್ತ್ವದ ಮೇಲೆ ಪುಡಿಮಾಡಿದ ಕಪ್ಪುಶಿಲೆಯನ್ನೂ, ಆಸ್ಟ್ರೇಲಿಯಾದಲ್ಲಿ ತುಕ್ಕುಹಿಡಿಯದ ಉಕ್ಕಿನ ಸಣ್ಣ ಕಣ್ಣಿನ ಜಾಲರಿಯನ್ನೂ ಬಳಕೆಗೆ ತಂದಿದ್ದಾರೆ. ಕಣದ ಗಾತ್ರ ಎಷ್ಟಿರಬೇಕು ಎಂಬುದು ಆಯಾ ನೆಲದ ಗೆದ್ದಲಿನ ತಲೆಯ ಅಳತೆಯನ್ನು ಅವಲಂಬಿಸುತ್ತದೆ. ನಮ್ಮ ಜಲ್ಲಿ ಯಂತ್ರಗಳ ಪುಡಿಯಿಂದ ನಮ್ಮ ಗೆದ್ದಲಿಗೆ ತಕ್ಕ ಕಣವನ್ನು ಸೋಸಿ ಪರೀಕ್ಷಿಸುವುದು ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಒಳ್ಳೆಯ ಯೋಜನಾಕಾರ್ಯವಾದೀತು. ಗೆದ್ದಲಿನ ಜಾತಿಯನ್ನು ಗುರುತಿಸುವುದು ಸೈನಿಕ ಗೆದ್ದಲುಗಳ ತಲೆ ಮತ್ತು ದವಡೆಯಿಂದ. ಕೆಲವು ಸೈನಿಕರನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಿಗೆ ತೋರಿಸಿ ಕೇಳಬಹುದು.

ಈಗ ಔಷಧಿಯ ಮಾತು. ಕಟ್ಟಡಗಳ ಗೆದ್ದಲು ನಿವಾರಣೆಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 6313 ಎಂಬ ಮಾನಕವಿದೆ. ಅದಕ್ಕೆ ಮೂರು ಭಾಗ: ಕಟ್ಟಡದ ರಚನೆಯಲ್ಲೇ ಮಾಡಬೇಕಾದ್ದು, ಕಟ್ಟುವ ಮುನ್ನ ಮಣ್ಣಿಗೆ ಮಾಡುವ ಉಪಚಾರ, ಕಟ್ಟಿದ ಮನೆಗೆ ಮಾಡುವ ಉಪಚಾರ. ರಚನೆಯ ಭಾಗ ಮೊದಲು ಬಂದಿರುವುದನ್ನು ಗಮನಿಸಿ. ನೆಲ ತುಂಬಿದ ಮೇಲೆ, ಕಾಂಕ್ರೀಟು ಹಾಕುವ ಮುನ್ನ, ಒಂದು ಚದರ ಮೀಟರಿಗೆ 5 ಲೀಟರಿನಂತೆ ಔಷಧಿಯ ದ್ರಾವಣ ಹಾಕಬೇಕೆಂಬುದು ಲೆಕ್ಕ. ಹತ್ತು ಚದರ ಮೀಟರಿನ ಸಣ್ಣ ಕೊಠಡಿಗೂ 50 ಲೀಟರು ಬೇಕು. ಕೈಪಂಪಿನಿಂದ ಒಂದೆರಡು ಲೀಟರು ಚಿಮುಕಿಸಿ ಹೋದರೆ ಉಪಚಾರ ಮಾಡಿದಂತಾಗುವುದಿಲ್ಲ. ಫಲಕ ನಿಲ್ಲಿಸಿದ ಮೇಲೆ ಆ ಮಣ್ಣು ಮತ್ತೆ ನಮ್ಮ ಕೈಗೆ ಸಿಗದು. ಮನೆಯಲ್ಲಿ ಕಟ್ಟಡದ ಕೆಲಸ ನಡೆದಿದ್ದರೆ ಆ ದಿನ ಹತ್ತಿರ ನಿಂತು ಅಳತೆ ನೋಡಿಕೊಳ್ಳಿ ಎಂದು ಹಿರಿಯರಿಗೆ ಹೇಳಿ.

ಆದರೆ ಯಾವ ಔಷಧಿ? ಈ ಪ್ರಶ್ನೆಗೆ ಇತಿಹಾಸವಿದೆ. ಹಿಂದೆ ಆಲ್ಡ್ರಿನ್, ಹೆಪ್ಟಾಕ್ಲೋರ್‌ಗಳನ್ನು ಮಣ್ಣಿಗೆ ಧಾರಾಳವಾಗಿ ಸುರಿಯುತ್ತಿದ್ದರು. ಅವು ವರ್ಷಗಟ್ಟಲೆ ಕೊಳೆಯದೆ ಉಳಿದು ನೀರಿಗೂ ಪ್ರಾಣಿಗಳ ಕೊಬ್ಬಿಗೂ ಸೇರುತ್ತವೆಂದು ತಿಳಿದ ಮೇಲೆ ಭಾರತದಲ್ಲಿ 1996ರಲ್ಲಿ ನಿಷೇಧಗೊಂಡವು. ಲಿಂಡೇನಿನ ಬಳಕೆ 2013ರಲ್ಲಿ ನಿಂತಿತು. ಆಮೇಲೆ ಹೆಚ್ಚು ಬಳಕೆಗೆ ಬಂದ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಡನೆ, ಸ್ಟಾಕ್‌ಹೋಮ್ ಅಂತಾರಾಷ್ಟ್ರೀಯ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು. ಇಮಿಡಾಕ್ಲೋಪ್ರಿಡ್, ಬೈಫೆಂತ್ರಿನ್ ಮೊದಲಾದವು ಈಗ ಬಳಕೆಯಲ್ಲಿವೆ. ಇವೂ ವಿಷಗಳೇ. ಬಾವಿ, ಕೊಳವೆಬಾವಿಗಳ ಹತ್ತಿರ ಸುರಿಯಬಾರದು. ಮಳೆ ಬರುವಾಗ, ಮಣ್ಣು ನೀರು ಕುಡಿದಿರುವಾಗ ಹಾಕಬಾರದು. ಇದು ತರಬೇತಾದವರ ಕೆಲಸ, ಮನೆಯ ಹುಡುಗರ ಕೆಲಸವಲ್ಲ. ನಿನ್ನೆಯ ಭರವಸೆಯ ಔಷಧಿ ಇಂದು ನಿಷೇಧದ ಪಟ್ಟಿಯಲ್ಲಿರುವಾಗ, ಕಟ್ಟುವ ರೀತಿಯ ಮೇಲೆ ಹೆಚ್ಚು, ಡಬ್ಬಿಯ ಮೇಲೆ ಕಡಿಮೆ ಅವಲಂಬಿಸುವುದೇ ಜಾಣತನ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ಗೆದ್ದಲು ಕಂಡರೆ ಸೀಮೆಎಣ್ಣೆ, ಪೆಟ್ರೋಲು ಸುರಿಯುವ ರೂಢಿ ನಮ್ಮಲ್ಲಿದೆ. ಫಲಕದ ಮನೆಯಲ್ಲಿ ಇದನ್ನು ಎಂದೂ ಮಾಡಬೇಡಿ. ಪ್ರಯೋಗಾಲಯದಲ್ಲಿ ಶಿಕ್ಷಕರ ಸಮ್ಮುಖದಲ್ಲಿ, ಬೆಂಕಿಯಿಂದ ದೂರವಾಗಿ, ಥರ್ಮೋಕೋಲಿನ ತುಣುಕಿಗೆ ನಾಲ್ಕು ಹನಿ ಅಸಿಟೋನ್ ಹಾಕಿ ನೋಡಿ. ಅದು ಕ್ಷಣದಲ್ಲಿ ಕುಸಿದು ಅಂಟಾಗುತ್ತದೆ. ಪೆಟ್ರೋಲು ಕೂಡ ಥರ್ಮೋಕೋಲನ್ನು ಹೀಗೆಯೇ ಕರಗಿಸುತ್ತದೆ. ಸೀಮೆಎಣ್ಣೆಯೂ ಅದನ್ನು ಕೆಡಿಸುತ್ತದೆ. ಗೆದ್ದಲು ತಿಂಗಳುಗಟ್ಟಲೆ ಮಾಡುವ ಹಾನಿಯನ್ನು ನಾವೇ ಒಂದು ಗಳಿಗೆಯಲ್ಲಿ ಮಾಡಿದಂತಾಯಿತು. ಅದಕ್ಕಿಂತ ದೊಡ್ಡದು ಬೆಂಕಿಯ ಅಪಾಯ. ಎಣ್ಣೆ ಹೀರಿದ ಫೋಮು ತಗಡುಗಳ ನಡುವೆ ಹೊತ್ತಿದರೆ ಆರಿಸುವುದು ಕಷ್ಟ. ಅದರ ಹೊಗೆ ವಿಷಮಯ. ಎಣ್ಣೆ ಆಧಾರಿತ ಕೀಟನಾಶಕಗಳನ್ನೂ ಫಲಕದೊಳಗೆ ಹಾಕುವಂತಿಲ್ಲ.

ಗೆದ್ದಲಿನ ನಂತರ ಬೇರೆ ಕೀಟಗಳು. ಕೆಲವು ಜಾತಿಯ ಇರುವೆಗಳು ಫೋಮಿನಲ್ಲಿ ಗೂಡು ಮಾಡುತ್ತವೆ. ಆದರೆ ಎರಡರ ನಡತೆ ಬೇರೆ: ಇರುವೆ ಕೊರೆದ ಚೂರನ್ನು ಹೊರಗೆ ತಂದು ಚೆಲ್ಲುತ್ತದೆ, ಗೆದ್ದಲು ಮಣ್ಣು ತಂದು ಸಂದಿಯನ್ನು ಮುಚ್ಚುತ್ತದೆ. ಗೋಡೆಯ ಬುಡದಲ್ಲಿ ಬಿಳಿಯ ಹರಳಿನಂಥ ಪುಡಿ ಬಿದ್ದಿದ್ದರೆ ಇರುವೆಯನ್ನೂ, ಮಣ್ಣಿನ ಗೆರೆಯಿದ್ದರೆ ಗೆದ್ದಲನ್ನೂ, ಚೌಕಟ್ಟಿನಿಂದ ಹಿಟ್ಟಿನಂಥ ಮರದ ಪುಡಿ ಉದುರುತ್ತಿದ್ದರೆ ಮರ ಕೊರೆಯುವ ದುಂಬಿಯನ್ನೂ ಶಂಕಿಸಬೇಕು. ಮೂಲೆಯಲ್ಲಿ ಅಂಗೈಯಗಲದ ಮಣ್ಣಿನ ಮುದ್ದೆ ಮಾತ್ರ ಇದ್ದರೆ ಗಾಬರಿ ಬೇಡ, ಅದು ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸ. ಕೋಳಿ ಸಾಕಣೆಯ ಕೊಟ್ಟಿಗೆಗಳಲ್ಲಿ ಹಿಕ್ಕೆ ಮತ್ತು ಮೇವಿನಲ್ಲಿ ಬೆಳೆಯುವ ಕಪ್ಪು ದುಂಬಿಯ ಮರಿಗಳು ಫೋಮನ್ನು ಜರಡಿ ಮಾಡುತ್ತವೆ. ಜಿರಲೆಗಳಿಗೆ ಫಲಕದ ಕೂಡುಭಾಗದ ಸಂದಿಯೇ ಸಾಕು. ಇವೆಲ್ಲಕ್ಕೂ ಮದ್ದು ಒಂದೇ: ಫೋಮಿನ ತೆರೆದ ಅಂಚು ಎಲ್ಲಿಯೂ ಉಳಿಯಬಾರದು. ಮೂಲೆ, ಕಿಟಕಿಯ ಸುತ್ತು, ವಿದ್ಯುತ್ ತಂತಿ ಮತ್ತು ನೀರಿನ ಕೊಳವೆ ತೂರುವ ರಂಧ್ರ, ಎಲ್ಲವನ್ನೂ ತಗಡಿನ ಪಟ್ಟಿ, ಸಣ್ಣ ಜಾಲರಿ ಮತ್ತು ಸಿಲಿಕೋನ್ ಅಂಟಿನಿಂದ ಮುಚ್ಚಬೇಕು.

ನೀರಿನ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಅದು ಕಡಿಮೆ ಮುಖ್ಯವೆಂದಲ್ಲ. ಏರ್ ಕೂಲರಿನಿಂದ ತೊಟ್ಟಿಕ್ಕುವ ನೀರು, ಸೋರುವ ನಲ್ಲಿ, ಗೋಡೆಗೆ ಒರಗಿಸಿ ಇಟ್ಟ ಹೂವಿನ ಕುಂಡ, ಇವು ಗೆದ್ದಲಿಗೆ ಕರೆಯೋಲೆ. ತೇವವಿಲ್ಲದಿದ್ದರೆ ನೆಲದ ಗೆದ್ದಲು ಹೆಚ್ಚು ದಿನ ಮೇಲೆ ನಿಲ್ಲದು. ಗೋಡೆಗೆ ಸೌದೆ, ರಟ್ಟು, ಹಳೆಯ ಪುಸ್ತಕಗಳನ್ನು ಒಟ್ಟಬೇಡಿ. ಪುಸ್ತಕದ ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರವಿರಲಿ.

ಮಿತ್ರರೆ, ತಿಂಗಳಿಗೆ ಒಂದು ದಿನ ಟಾರ್ಚು ಹಿಡಿದು ಮನೆಯ ಸುತ್ತ ಒಂದು ಸುತ್ತು ಬರುವುದನ್ನು ನೀವೇ ವಹಿಸಿಕೊಳ್ಳಿ. ನೆಲಗಟ್ಟಿನ ಪಟ್ಟಿಯನ್ನು ನೋಡಿ. ಕೊಳವೆ ಕಂಡರೆ ಅದರ ಒಂದು ಇಂಚನ್ನಷ್ಟೇ ಮುರಿದು ಮರುದಿನ ಬನ್ನಿ. ಮುರಿದದ್ದು ಮತ್ತೆ ಕಟ್ಟಿದ್ದರೆ ಒಳಗೆ ಸಂಚಾರ ನಡೆದಿದೆ ಎಂದರ್ಥ. ಇಡೀ ಕೊಳವೆಯನ್ನು ಕೆಡವದೆ ತಜ್ಞರಿಗೆ ತೋರಿಸಿ, ಅದು ಅವರಿಗೆ ದಾರಿ ಹೇಳುತ್ತದೆ. ಬಾಗಿಲ ಚೌಕಟ್ಟನ್ನು ಬೆರಳಿನಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ಎಚ್ಚರ. ರೋಹಿಣಿ, ಮೃಗಶಿರಾ ಮಳೆಯ ಸಂಜೆಗಳಲ್ಲಿ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳನ್ನು ಪರೀಕ್ಷಿಸಿ. ಎರಡು ಜೊತೆ ರೆಕ್ಕೆಗಳೂ ಒಂದೇ ಉದ್ದ, ನಡು ದಪ್ಪ, ಮೀಸೆ ನೇರ ಇದ್ದರೆ ಗೆದ್ದಲು. ಹಿಂದಿನ ರೆಕ್ಕೆ ಚಿಕ್ಕದು, ನಡು ಸಣ್ಣ, ಮೀಸೆ ಮೊಣಕೈಯಂತೆ ಬಾಗಿದ್ದರೆ ಇರುವೆ. ಅವು ಹೊರಗಿನಿಂದ ದೀಪಕ್ಕೆ ಬಂದರೆ ಋತುಸಹಜ. ಕೋಣೆಯೊಳಗಿನ ಗೋಡೆಯ ಸಂದಿಯಿಂದಲೇ ಹೊರಟರೆ ಗೂಡು ನಿಮ್ಮ ಮನೆಯಲ್ಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಊರ ಹೊರಗಿನ ಹುತ್ತಗಳನ್ನು ಅಗೆದು ಹಾಕಲು ಹೊರಡಬೇಡಿ. ಒಣ ಎಲೆ, ಕಡ್ಡಿಗಳನ್ನು ಮಣ್ಣಿಗೆ ಮರಳಿಸುವ ಕೆಲಸವನ್ನು ಗೆದ್ದಲಿನಷ್ಟು ಶ್ರದ್ಧೆಯಿಂದ ಮಾಡುವ ಜೀವಿಗಳು ಕಡಿಮೆ. ನಮ್ಮ ಹುತ್ತಗಳನ್ನು ಕಟ್ಟುವ ಒಡೊಂಟೊಟರ್ಮಿಸ್ ಕುಲದ ಗೆದ್ದಲುಗಳು ಒಳಗೆ ಶಿಲೀಂಧ್ರದ ತೋಟವನ್ನೇ ಬೆಳೆಸುತ್ತವೆ; ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಆ ತೋಟದ್ದು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾಡು ನಮ್ಮದು. ಹುತ್ತ ಬಯಲಿನಲ್ಲಿ ಇರಲಿ. ನಮ್ಮ ನೆಲಗಟ್ಟಿನ ಆರು ಇಂಚಿನ ಪಟ್ಟಿ ಮಾತ್ರ ಸದಾ ಬರಿದಾಗಿ, ಒಣಗಿ, ಕಣ್ಣಿಗೆ ಕಾಣುವಂತೆ ಇರಲಿ. ಅದನ್ನು ಕಾಯುವ ಕೆಲಸವನ್ನು ಈ ಭಾನುವಾರದಿಂದಲೇ ಆರಂಭಿಸಬಹುದು.